ತೊಟ್ಟಿಲ ಮೇಲಿನ ಗಿಳಿಗೆ ತೆರಿಗೆ

ನಾನೊಬ್ಬ ವ್ಯಾಪಾರಿಯಾಗಿದ್ದೇನೆಂಬ ಸುದ್ದಿ ನನಗೆ ಮೊದಲು ಗೊತ್ತಾದದ್ದು ನನ್ನ ಮೊಬೈಲಿನಿಂದ. ಬೆಳಗಿನ ಚಹಾ ಕುಡಿಯುತ್ತಿದ್ದೆ. ಅದು ಒಮ್ಮೆ ಗುನುಗಿತು. ನೋಡಿದರೆ, “ಮಾನ್ಯ ಮಾರಾಟಗಾರರೇ, ತಮ್ಮ ಪ್ಯಾನ್ ಸಂಖ್ಯೆಯನ್ನು ದಯವಿಟ್ಟು ನಮೂದಿಸಿ” ಎಂಬ ಒಕ್ಕಣೆ. ಅರವತ್ತು ದಾಟಿದವನಿಗೆ ಹೊಸ ಬಿರುದುಗಳು ಸಿಗುವುದು ಕಡಿಮೆ. ಸಿಕ್ಕರೂ ‘ಹಿರಿಯ ನಾಗರಿಕ’ ಎಂಬಂಥವು; ಅದನ್ನು ಹೇಳಿಕೊಂಡು ಹಾನಗಲ್ಲಿನ ಬಸ್ಸಿನಲ್ಲಿ ಯಾರನ್ನೂ ಸೀಟಿನಿಂದ ಎಬ್ಬಿಸಲಾಗುವುದಿಲ್ಲ. ‘ಮಾನ್ಯ ಮಾರಾಟಗಾರ’ ಎಂಬುದರಲ್ಲಿ ಒಂದು ತೂಕವಿತ್ತು. ಮನಸ್ಸಿನಲ್ಲಿ ಓದಿಕೊಂಡೆ. ಆಮೇಲೆ ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿದೆ.

“ಕೆಟ್ಟ ಫ್ಯಾನ್ ಮಾರಿದವ್ರಿಗೂ ಇಷ್ಟ ಮರ್ಯಾದಿ ಕೊಡ್ತಾರೇನ್ರಿ?” ಎಂದಳು ನನ್ನ ಹೆಂಡತಿ ಶಾಂತವ್ವ.

ಫ್ಯಾನು ಪೂರ್ತಿ ಕೆಟ್ಟಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ. ಅದರ ಕತ್ತು ಬಲಕ್ಕೆ ತಿರುಗುತ್ತಿತ್ತು, ಎಡಕ್ಕೆ ಮರಳುತ್ತಿರಲಿಲ್ಲ, ಅಷ್ಟೇ. ಬಲಗಡೆ ಕೂತವರಿಗೆ ಅದರ ಬಗ್ಗೆ ಯಾವ ತಕರಾರೂ ಇರಲಿಲ್ಲ. ನಿವೃತ್ತನಾದ ಮೇಲೆ ನಾನು ಅಟ್ಟವನ್ನು ಸ್ವಚ್ಛಗೊಳಿಸುವ ಮಹಾಕಾರ್ಯಕ್ಕೆ ಕೈಹಾಕಿ, ಹಳೆಯ ಸಾಮಾನುಗಳ ಫೋಟೋ ತೆಗೆದು ಮಾರುವ ಒಂದು ಜಾಲತಾಣಕ್ಕೆ ಸೇರಿಕೊಂಡಿದ್ದೆ. ಫ್ಯಾನು ಹೋಯಿತು. ಸೀಮೆಎಣ್ಣೆ ಸ್ಟೋವ್ ಹೋಯಿತು. ಯಾರೂ ಕೊಳ್ಳಲಾರರೆಂದು ಶಾಂತವ್ವ ಪಂಥ ಕಟ್ಟಿದ್ದ ನನ್ನ ಕಬ್ಬಿಣದ ಮಡಿಚುವ ಕುರ್ಚಿಯೂ ಹೋಯಿತು. ಕೊಂಡವನು ಅದನ್ನು ಮಡಿಚಲು ಪ್ರಯತ್ನಿಸಿದನೋ ಇಲ್ಲವೋ ತಿಳಿಯದು. ಮಡಿಚಿದ್ದರೆ ಫೋನ್ ಬರಬೇಕಿತ್ತು.

ಬದುಕಿಡೀ ನಾನು ಉಪನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಜನ ಹೊಲ ಮಾರಿದ್ದನ್ನು, ಮನೆ ಕೊಂಡದ್ದನ್ನು, ಅಣ್ಣತಮ್ಮಂದಿರು ಬೇರೆಯಾದದ್ದನ್ನು ಮುದ್ರೆ ಒತ್ತಿ ನಿಜ ಮಾಡುವುದು ನನ್ನ ಕೆಲಸವಾಗಿತ್ತು. ಮುದ್ರೆ ಬೀಳದ ಸಂಗತಿ ಈ ಲೋಕದಲ್ಲಿ ನಡೆದೇ ಇಲ್ಲ ಎಂಬುದು ನನ್ನ ನಂಬಿಕೆ. ಹೀಗಿರುವಾಗ ಕುರ್ಚಿ, ಫ್ಯಾನು, ಸ್ಟೋವ್ ಹೀಗೆ ಮೂರು ಚರಾಸ್ತಿಗಳನ್ನು ಪರಭಾರೆ ಮಾಡಿ ಸರಕಾರಕ್ಕೆ ತಿಳಿಸದೆ ಕೂತಿದ್ದೇನಲ್ಲ ಎಂದು ಜೀವ ಕಸಿವಿಸಿಯಾಯಿತು. ಅದರ ಜತೆಗೆ, ನಿಮ್ಮಲ್ಲಿ ಮುಚ್ಚಿಡುವುದೇಕೆ, ಸಣ್ಣದೊಂದು ಹೆಮ್ಮೆಯೂ ಆಯಿತು. ತೆರಿಗೆಯ ಚಿಂತೆ ಹತ್ತುವುದು ಅನುಕೂಲಸ್ಥರಿಗೆ ಮಾತ್ರ ಎಂದು ಕೇಳಿದ್ದೆ.

ಶಿಗ್ಗಾಂವಿಯಲ್ಲಿ ವೀರಭದ್ರಪ್ಪ ಎಂಬ ನನ್ನ ಗೆಳೆಯನಿದ್ದಾನೆ. ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ಈಗ ಅವನು ತೆರಿಗೆ ಸಲಹೆಗಾರ. ಬಸ್ಸು ಹತ್ತಿ ಹೋಗಿ ಎದುರು ಕೂತು, ಗಂಟಲು ಸರಿಮಾಡಿಕೊಂಡು, ನನ್ನ ವಹಿವಾಟುಗಳನ್ನು ಒಂದೊಂದಾಗಿ ನಿವೇದಿಸಿಕೊಂಡೆ. ಅವನು ಕೇಳಿದ. ಕೇಳುತ್ತ ಕೇಳುತ್ತ ಕನ್ನಡಕ ತೆಗೆದ.

“ಏನಲೇ, ಮುರಕ ಕುರ್ಚಿಗೆ ತೆರಿಗಿ ಕಟ್ಟಾಕ ಹಾನಗಲ್ಲಿಂದ ಇಲ್ಲೀತನಾ ಬಂದೀಯೇನು? ಬಂದ ಬಸ್ ಚಾರ್ಜಾದ್ರೂ ಹುಟ್ಟೇತೇನ ಆ ಕುರ್ಚಿಗೆ?”

“ಪ್ಯಾನ್ ಕೇಳ್ಯಾರಲೋ.”

“ಪ್ಯಾನ್ ಕೇಳೋದು ನೀ ಯಾರು ಅಂತ ಗುರುತ ಹಿಡ್ಯಾಕ. ರೊಕ್ಕಾ ಬೇಡಾಕಲ್ಲ. ಕೊಡು, ಕೊಟ್ಟು ಮನ್ಯಾಗ ಮಲಕೋ.”

ಅವನು ವಿವರಿಸಿದ್ದರ ಸಾರಾಂಶ ಇದು. ಮನುಷ್ಯ ತನ್ನ ಮತ್ತು ತನ್ನ ಆಶ್ರಿತರ ಸ್ವಂತ ಬಳಕೆಗೆ ಇಟ್ಟುಕೊಂಡ ಬಟ್ಟೆಬರೆ, ಪೀಠೋಪಕರಣ, ಪಾತ್ರೆಪಗಡಗಳನ್ನು ಮಾರಿದರೆ ತೆರಿಗೆಯಿಲ್ಲ. ಲಾಭ ಬಂದರೂ ಸರಕಾರ ಕೇಳುವುದಿಲ್ಲ, ನಷ್ಟವಾದರೂ ಸಂತಾಪ ಸೂಚಿಸುವುದಿಲ್ಲ. ಹಳೆಯದನ್ನು ಕೊಂಡು ತಂದು ಮಾರುವುದನ್ನೇ ದಂಧೆ ಮಾಡಿಕೊಂಡರೆ ಮಾತ್ರ ಅದು ವ್ಯಾಪಾರ, ಅದಕ್ಕೆ ಬೇರೆ ಲೆಕ್ಕ. ನನ್ನಂಥವನನ್ನು ಮಾರಾಟಗಾರ ಎಂದು ಕರೆದದ್ದು ಬರೀ ಸೌಜನ್ಯಕ್ಕೆ.

ನಿಜ ಹೇಳುತ್ತೇನೆ, ನನಗೆ ನಿರಾಸೆಯಾಯಿತು. ಕೊಡಲು ಸಿದ್ಧನಾಗಿ ಹೋದವನನ್ನು ಬೇಡವೆಂದು ವಾಪಸು ಕಳಿಸಿದರೆ ಆಗುವ ಅವಮಾನವನ್ನು ತೆರಿಗೆ ತಪ್ಪಿಸುವವರು ಅರಿಯರು. ನನ್ನ ಮುಖ ನೋಡಿ ವೀರಭದ್ರಪ್ಪ ಸಮಾಧಾನಕ್ಕೆಂಬಂತೆ ಹೇಳಿದ:

“ಹಂಗಂತ ಎಲ್ಲಾ ಬಿಟ್ಟಿಲ್ಲಲೇ. ಒಡವಿ ಮಾರಿದ್ರ ತೆರಿಗಿ ಐತಿ. ಚಿತ್ರ, ಶಿಲ್ಪ, ಪುರಾತನ ಕಾಲದ ಸಂಗ್ರಹ, ಯಾವುದಽ ಕಲಾಕೃತಿ ಮಾರಿದ್ರೂ ಲಾಭಕ್ಕ ತೆರಿಗಿ ಐತಿ. ಅಂಥಾದ್ದೇನರ ಐತೇನು ನಿಮ್ಮ ಮನ್ಯಾಗ?”

ಇದ್ದರೆ ಅಲ್ಲವೇ? ನಮ್ಮ ಮನೆಯಲ್ಲಿ ಅತಿ ಪುರಾತನವಾದದ್ದು ನಾನೇ.

ಹಿಂದಿರುಗುವ ಬಸ್ಸಿನಲ್ಲಿ ಕಾನೂನಿನ ಈ ವಿವೇಚನೆಯನ್ನೇ ಧ್ಯಾನಿಸುತ್ತ ಬಂದೆ. ನನ್ನ ಅಜ್ಜಿಯ ಮೂಗುತಿ ಅವಳ ಮದುವೆಯಿಂದ ಮಣ್ಣಿಗಿಡುವ ತನಕ ಮೂಗಿನಿಂದ ಇಳಿಯಲಿಲ್ಲ. ಅದು ಕಾನೂನಿನ ಕಣ್ಣಿನಲ್ಲಿ ಸ್ವಂತ ಬಳಕೆಯ ವಸ್ತುವಲ್ಲ. ಮುಂಗಾರಿನಲ್ಲಿ ಒಮ್ಮೆ ಬಿಚ್ಚಿ, ಬಸ್ಸಿನಲ್ಲಿ ಮರೆತು ಬರುವ ನನ್ನ ಕೊಡೆ ಸ್ವಂತ ಬಳಕೆಯದು. ಸೀರೆ ಸ್ವಂತದ್ದು, ಅದಕ್ಕೆ ಚಿನ್ನದ ಒಡವೆ ಹೊಲಿದಿದ್ದರೆ ಅಷ್ಟು ಭಾಗ ಸ್ವಂತದ್ದಲ್ಲ. ಆದರೂ ನಮ್ಮ ಕಾಲದ ಸರಕಾರವನ್ನು ದೂರುವಂತಿಲ್ಲ. ಈ ಸೀಮೆಯ ಹಳೆಯ ಶಾಸನಗಳನ್ನು ಓದಬಲ್ಲವರು ಹೇಳುತ್ತಾರೆ: ಆಗ ಗಾಣಕ್ಕೆ ಸುಂಕ, ಮಗ್ಗಕ್ಕೆ ಸುಂಕ, ವೀಳ್ಯದೆಲೆಯ ಹೇರಿಗೆ ಸುಂಕ, ಮದುವೆಯಾದರೆ ಅದಕ್ಕೂ ಸುಂಕ. ಆ ಸುಂಕವನ್ನು ದೇವಸ್ಥಾನದ ದೀಪಕ್ಕೆ ಬಿಟ್ಟುಕೊಟ್ಟೆವೆಂದು ಅರಸರು ಕಲ್ಲಿನಲ್ಲಿ ಕೊರೆಸಿ ಕೀರ್ತಿ ಪಡೆಯುತ್ತಿದ್ದರು. ಈಗಿನವರು ನನ್ನ ಮುರುಕು ಕುರ್ಚಿಯ ಮೇಲಿನ ತೆರಿಗೆಯನ್ನು ಬಿಟ್ಟುಕೊಟ್ಟೂ ಎಲ್ಲಿಯೂ ಕಲ್ಲು ನಿಲ್ಲಿಸಿಲ್ಲ. ವಿನಯವೆಂದರೆ ಅದು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಟ್ಟದ ಮೂಲೆಯಲ್ಲಿ ಗೋಣಿ ಹೊದ್ದು ಒಂದು ತೊಟ್ಟಿಲಿತ್ತು. ಕಲಘಟಗಿಯ ಕಡೆ ಮಾಡುವ ಬಣ್ಣದ ಮರದ ತೊಟ್ಟಿಲು. ಧೂಳು ಒರೆಸಿದರೆ, ಕೆಂಪು ನೆಲದ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಹಸಿರು ಗಿಳಿಗಳ ಸಾಲು, ನಿನ್ನೆ ಬರೆದಂತೆ ಹೊಳೆಯಿತು. ಪಡಸಾಲೆಯ ತೊಲೆಗೆ ನೇತುಹಾಕಿದೆ. ಫೋಟೋ ತೆಗೆಯುವ ಹೊತ್ತಿಗೆ ಹಿತ್ತಿಲಿನಿಂದ ಬಂದ ಶಾಂತವ್ವ, “ಬರೇ ತೊಟ್ಟಿಲಾ ತೂಗಬಾರದ್ರಿ!” ಎಂದು ಗದರಿ, ಒಳಗಿಂದ ರುಬ್ಬುವ ಗುಂಡುಕಲ್ಲನ್ನು ತಂದು ಅದರಲ್ಲಿ ಮಲಗಿಸಿ, ಮೇಲೊಂದು ಟವೆಲ್ಲು ಹೊದಿಸಿ ಹೋದಳು. ಫೋಟೋ ಯಾರಿಗೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ನನಗೆ ಬಂದ ವಿಚಾರಣೆಗಳಲ್ಲಿ ಹೆಚ್ಚಿನವು ಕಲ್ಲನ್ನು ಸೇರಿಸಿ ಕೊಡುತ್ತೀರಾ ಎಂಬುದೇ ಆಗಿದ್ದವು.

ಕಲ್ಲಿನ ಮಾತೆತ್ತದೆ ಫೋನ್ ಮಾಡಿದವರು ಒಬ್ಬರೇ. ಸವಣೂರಿನ ಗನಿಸಾಬರು. ವೀಳ್ಯದೆಲೆಯ ವ್ಯಾಪಾರಿ. ಮರುದಿನವೇ ಟೆಂಪೋ ಮಾಡಿಕೊಂಡು ಬಂದರು, ಎಲೆಯ ಪೆಂಡಿಯೊಂದನ್ನು ಕೈಯಲ್ಲಿ ಹಿಡಿದು. ತೊಟ್ಟಿಲ ಸುತ್ತ ಒಂದು ಸಲ ಸುತ್ತಿ, ಗಿಳಿಗಳ ಮೇಲೆ ಬೆರಳಾಡಿಸಿ, “ಇದಽ ನೋಡ್ರಿ ಸಾಹೇಬ್ರ. ನನ್ನ ಮಗಳು ಫೋನಿನ್ಯಾಗ ನೋಡಿ ಇದಽ ಬೇಕಂದ್ಲು” ಎಂದರು.

ಅವರ ಸಂಗತಿ ಇಷ್ಟು. ಮಗಳು ಆಸ್ಮಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ನಲವತ್ತು ದಿನ ತುಂಬಿದ ಕೂಡಲೇ ಕೂಸಿನೊಂದಿಗೆ ಬಂಕಾಪುರದ ಗಂಡನ ಮನೆಗೆ ಹೊರಡಬೇಕು. ಹೊರಡುವಾಗ ತವರಿನಿಂದ ತೊಟ್ಟಿಲು ಹೋಗಬೇಕು. ಈ ಪದ್ಧತಿಗೆ ನಮ್ಮ ಕಡೆ ಜಾತಿಯಿಲ್ಲ, ಧರ್ಮವಿಲ್ಲ. ಗನಿಸಾಬರು ಹೊಸ ತೊಟ್ಟಿಲಿಗೆ ಹೇಳಿಟ್ಟಿದ್ದರು. ಮಾಡುವವನು ಬಣ್ಣ ಒಣಗಿಲ್ಲ, ಅರಗು ಸಿಕ್ಕಿಲ್ಲ ಎನ್ನುತ್ತ ಕೊನೆಗೆ ದೀಪಾವಳಿಯ ಮಾತಾಡಿದ. ನಲವತ್ತು ತುಂಬಲು ಉಳಿದಿದ್ದದ್ದು ಒಂದು ವಾರ. ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದೋ ಒಯ್ದರೆ ಬೀಗರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಬಾಯಿಬಿಡದೆ ಅನ್ನುವುದನ್ನು ಮಗಳು ಅಲ್ಲೇ ಇದ್ದು ದಿನಾ ಕೇಳಬೇಕು. ಆ ಹುಡುಗಿ ಕೂಸಿಗೆ ಹಾಲೂಡಿಸುವಾಗಲೂ ಅದನ್ನೇ ಯೋಚಿಸುತ್ತ ಕೂತಿರುತ್ತಾಳೆ ಎಂದು ಹೇಳುವಾಗ ಗನಿಸಾಬರು ಗಿಳಿಗಳ ಕಡೆ ನೋಡುತ್ತಿದ್ದರು, ನನ್ನ ಕಡೆ ಅಲ್ಲ.

ಬೆಲೆಯ ಮಾತು ಬಂದದ್ದೇ ತಡ, ಶಾಂತವ್ವ ಚಹಾದ ಕಪ್ಪುಗಳೊಂದಿಗೆ ಬಾಗಿಲಲ್ಲಿ ನಿಂತಳು.

“ತೊಟ್ಟಿಲಾ ಮಾರಾಕ ಹಾಕೀರೇನ್ರಿ?” ಎಂದಳು ನನಗೆ. ಆ ದನಿಯನ್ನು ನಾನು ಮದುವೆಯಾದಂದಿನಿಂದ ಬಲ್ಲೆ. ಅದಕ್ಕೆ ಉತ್ತರ ಕೊಡಬಾರದು.

“ಮಾರೋದಲ್ರಿ ಅಣ್ಣಾರ ಇದು,” ಎಂದು ಅವರ ಕಡೆ ತಿರುಗಿದಳು. “ಕೂಸ ಮಲಗೋದನ್ನ ಯಾರರ ರೊಕ್ಕಕ್ಕ ಮಾರ್ತಾರೇನ್ರಿ? ಹಂಗಽ ಒಯ್ರಿ. ನಿಮ್ಮ ಕೂಸು ದೊಡ್ಡದಾದ ಮ್ಯಾಲೆ ತಂದ ಕೊಡ್ರಿ.”

“ಅಕ್ಕಾರ, ನಿಮ್ಮ ಮನಸ್ಸು ದೊಡ್ಡದ ಐತಿ. ಆದ್ರ ಕಡಾ ತಂದ ತೊಟ್ಟಿಲಾ ಬೀಗರ ಮನಿಗೆ ಹ್ಯಾಂಗ ಕಳಸ್ಲಿ? ನಾಳೆ ವಾಪಸ್ ಒಯ್ಯಾಕ ಹೋದ್ರ, ಕೊಟ್ಟಿದ್ದನ್ನ ಕಸಗೊಂಡ ಅಂತಾರ. ನನ್ನ ಮಗಳದ್ದಽ ಆಗಬೇಕ್ರಿ ಅದು.”

“ಹಂಗಾದ್ರ ಕೊಟ್ಟಬಿಡ್ತೇನಿ, ತಗೊಂಡ ಹೋಗ್ರಿ.”

“ಪುಕ್ಸಟೆ ಒಯ್ಯಾಕ ನಾ ಏನ ಬೇಡಾಕ ಬಂದೇನೇನ್ರಿ?”

ಇಬ್ಬರೂ ಸರಿ. ಇಬ್ಬರೂ ಬಗ್ಗುವವರಲ್ಲ. ಅವಳು ಮಾರಲೊಲ್ಲಳು, ಅವರು ಕೊಳ್ಳದೆ ಒಯ್ಯಲೊಲ್ಲರು. ಇಂಥ ಹೊತ್ತಿನಲ್ಲಿ ಮನೆಯ ಯಜಮಾನನಾದವನು ಒಂದು ತೂಕದ ಮಾತನ್ನಾಡಬೇಕು. ನಾನು ಗಂಟಲು ಸರಿಮಾಡಿಕೊಂಡು, “ಇದರಾಗ ಒಂದು ತೆರಿಗಿ ಪ್ರಶ್ನೆನೂ ಐತಿ” ಎಂದೆ.

ಇಬ್ಬರೂ ಜಗಳ ಬಿಟ್ಟು ನನ್ನನ್ನು ನೋಡಿದರು. ಮೊದಲ ಬಾರಿಗೆ ಅವರಲ್ಲಿ ಒಮ್ಮತ ಮೂಡಿದಂತೆ ಕಂಡಿತು.

ಪ್ರಶ್ನೆ ಸಣ್ಣದಾಗಿರಲಿಲ್ಲ. ತೊಟ್ಟಿಲು ಪೀಠೋಪಕರಣವೇ? ಹೌದಾದರೆ ಯಾರಿಗೂ ತೊಂದರೆಯಿಲ್ಲ. ಆದರೆ ಅದರ ಮೇಲೆ ಗಿಳಿಗಳಿವೆ; ಗಿಳಿಗಳು ಚಿತ್ರ; ಚಿತ್ರ ಕಲೆ. ವೀರಭದ್ರಪ್ಪನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿದೆ. ಅವನು ಉತ್ಸಾಹದಿಂದಲೇ ಉತ್ತರ ಕೊಟ್ಟ. ಕಲಾಕೃತಿ ಅಂತಾದರೆ, ಮಾರಿದರೆ ನನ್ನ ಲಾಭಕ್ಕೆ ತೆರಿಗೆ. ಸುಮ್ಮನೆ ಕೊಟ್ಟರೆ, ಅದರ ಬೆಲೆ ಒಂದು ಮಿತಿ ದಾಟಿದ್ದರೆ, ಪಡೆದವರಿಗೆ ತೆರಿಗೆ, ಏಕೆಂದರೆ ಗನಿಸಾಬರು ಕಾನೂನು ಒಪ್ಪುವ ನಮ್ಮ ಸಂಬಂಧಿಕರಲ್ಲ. ಮದುವೆಯ ಉಡುಗೊರೆಯಾದರೆ ಮಾಫಿ ಉಂಟು. ಕೂಸು ಹುಟ್ಟಿದ್ದಕ್ಕೆ ಇಲ್ಲ. ಮದುವೆ ಸಂತೋಷದ ಸಂಗತಿ ಎಂದು ಕಾನೂನು ಒಪ್ಪಿಕೊಂಡಿದೆ. ಅದರ ಪರಿಣಾಮಗಳ ಬಗ್ಗೆ ಇನ್ನೂ ತೀರ್ಮಾನಕ್ಕೆ ಬಂದಂತಿಲ್ಲ.

“ಗಿಳೀಗೂ ತೆರಿಗಿ ಐತೇನ್ರಿ ಅಣ್ಣಾರ?” ಎಂದು ಶಾಂತವ್ವ ಫೋನಿಗೆ ಬಾಗಿ ಕೇಳಿದಳು.

“ಇರಬಹುದು, ಇರದಽನೂ ಇರಬಹುದು ವೈನಿ. ವಾದ ಮಾಡಬೇಕಾಗ್ತೈತಿ. ಅಷ್ಟು ಹೆದರಿಕಿ ಇದ್ರ ಗಿಳಿ ಕೆರದ ತಗದ್ಬಿಡ್ರಿ. ಬರೇ ಕಟಗಿಗೆ ಯಾರೂ ಏನೂ ಕೇಳೂದಿಲ್ಲ.”

ಗನಿಸಾಬರು ತೊಟ್ಟಿಲಿಗೆ ಅಡ್ಡವಾಗಿ ನಿಂತರು. “ಗಿಳಿ ಸಲುವಾಗೇ ಬಂದೇನ್ರೀ ನಾ!”

ನಾನು ಮತ್ತೆ ಮಾತು ಮುಂದುವರಿಸಿ, ಮೂಲಬೆಲೆ ಎಷ್ಟೆಂದು ಹಿಡಿಯುವುದು, ಕೊಂಡ ವರ್ಷ ಯಾವುದೆಂದು ತೋರಿಸುವುದು ಮುಂತಾದ ಸೂಕ್ಷ್ಮಗಳನ್ನು ಎತ್ತಿದೆ. “ನಾನು ಇದನ್ನು ಯಾವಾಗ ಕೊಂಡೆ...” ಎಂದು ನೆನಪಿಸಿಕೊಳ್ಳಲು ಹೋದೆ. ನೆನಪಾಗಲಿಲ್ಲ.

“ನೀವು ಯಾವಾಗ ಕೊಂಡೀರಿ?” ಎಂದಳು ಶಾಂತವ್ವ. “ನಮ್ಮ ಅಪ್ಪ ಮಾಸೂರಿಂದ ಚಕ್ಕಡ್ಯಾಗ ತಂದಿದ್ದಲ್ಲೇನ್ರಿ? ನಮ್ಮ ಚೊಚ್ಚಲ ಕೂಸಿಗೆ? ನನ್ನ ತವರಿನ ತೊಟ್ಟಿಲಾ ಮಾರಾಕ ನಿಮಗ ಯಾರ ಹೇಳ್ಯಾರ?”

ಫೋನಿನೊಳಗಿಂದ ವೀರಭದ್ರಪ್ಪ ನಗತೊಡಗಿದ್ದು ಕೇಳಿಸಿತು. ನಾಲ್ಕು ತಾಲೂಕಿನ ಜನರ ಕಾಗದಪತ್ರ ಹಿಡಿದು, “ಮೊದಲು ಹಕ್ಕು ಯಾರದು ತೋರಿಸ್ರಿ” ಎಂದು ಮುಖ ಗಂಟಿಕ್ಕಿಕೊಂಡು ಕೇಳುತ್ತಲೇ ನೌಕರಿ ಮುಗಿಸಿದ ನಾನು, ಹೆಂಡತಿಯ ಸ್ವತ್ತನ್ನು ಗುಂಡುಕಲ್ಲಿನ ಸಮೇತ ಮಾರಾಟಕ್ಕಿಟ್ಟಿದ್ದೆ. ಇಷ್ಟು ಹೊತ್ತು ನಾನು ಹೊತ್ತುಕೊಂಡಿದ್ದ ತೆರಿಗೆಯ ಚಿಂತೆಯೂ ನನ್ನದಲ್ಲ ಎಂದಾಯಿತು. ತೆರಿಗೆದಾರನಾಗುವ ನನ್ನ ಕೊನೆಯ ಆಸೆ ಹೀಗೆ ಕಮರಿತು.

ನಾನು ಕಣದಿಂದ ಹೊರಬಿದ್ದ ಮೇಲೆ ವ್ಯವಹಾರ ಬೇಗ ಮುಗಿಯಿತು ಎಂಬುದನ್ನು ಒಪ್ಪಲೇಬೇಕು. ಶಾಂತವ್ವ ಗನಿಸಾಬರನ್ನು ಕೂರಿಸಿ, ಮಗಳ ಹೆರಿಗೆ ಹೇಗಾಯಿತು, ಕೂಸು ಗಂಡೋ ಹೆಣ್ಣೋ, ಯಾರನ್ನು ಹೋಲುತ್ತದೆ ಎಂದೆಲ್ಲ ಕೇಳಿದಳು. ಹೆಣ್ಣು ಕೂಸು, ಹೋಲಿಕೆ ಇನ್ನೂ ವಿವಾದದಲ್ಲಿದೆ ಎಂದು ತಿಳಿಯಿತು. ಆಮೇಲೆ ಅವಳು ಅವರ ಕೈಯಲ್ಲಿದ್ದ ಪೆಂಡಿಯ ಕಡೆ ನೋಡಿದಳು.

“ಅದೇನ್ರಿ ಅಣ್ಣಾರ, ಎಲಿ?”

“ಹೌದ್ರಿ. ನಿಮ್ಮ ಮನಿಗಂತಽ ತಂದೇನಿ. ಬರಗೈಲೆ ಹ್ಯಾಂಗ ಬರೋದು?”

“ಹಂಗಾದ್ರ ಕೇಳ್ರಿ. ರೊಕ್ಕಕ್ಕ ತೊಟ್ಟಿಲಾ ಕೊಡೂದಿಲ್ಲ. ಎಲಿ ಮ್ಯಾಲೆ ನೀವು ಏನ ಇಟ್ಟರೂ ಅದು ಬ್ಯಾರೆ, ಅದು ಮರ್ಯಾದಿ. ಅದನ್ನ ಒಲ್ಲೆ ಅನಬಾರದು, ಎಣಿಸಲೂಬಾರದು. ಆದ್ರ ಒಂದು ಮಾತು. ತೊಟ್ಟಿಲಾ ಸೀದಾ ಬಂಕಾಪುರಕ್ಕ ಒಯ್ಯಬ್ಯಾಡ್ರಿ. ಮೊದ್ಲ ನಿಮ್ಮ ಮನ್ಯಾಗ ಕಟ್ಟಿ, ಕೂಸಿನ್ನ ಅದರಾಗ ಮಲಗಸ್ರಿ. ನಿಮ್ಮ ಮನೀದಾಗಲಿ. ಆಮ್ಯಾಲೆ ತವರಿಂದ ಕಳಸ್ರಿ.”

ಗನಿಸಾಬರು ಎದ್ದು ನಿಂತರು. ಟೊಪ್ಪಿಗೆ ಸರಿಮಾಡಿಕೊಂಡರು. ತಟ್ಟೆ ತರಿಸಿ, ಅದರಲ್ಲಿ ಎಲೆ ಹರಡಿ, ಅದರ ಮೇಲೆ ತಮ್ಮ ಕಿಸೆಯಲ್ಲಿದ್ದುದನ್ನು ಇಟ್ಟು, ಎರಡೂ ಕೈಯಿಂದ ಎತ್ತಿ ಕೊಟ್ಟರು. ಅವರ ಕಣ್ಣು ತುಂಬಿತ್ತೆಂದು ಶಾಂತವ್ವ ಈಗಲೂ ಹೇಳುತ್ತಾಳೆ. ನಾನು ನೋಡಲಿಲ್ಲ, ನಾನು ಆ ತಟ್ಟೆಯನ್ನು ಯಾವ ಕಲಮಿನಡಿ ತರುವುದೆಂದು ಯೋಚಿಸುತ್ತಿದ್ದೆ. ಮಾರಾಟವೇ? ಮಾರುವುದಿಲ್ಲ ಎಂದು ಅವಳು ಸಾಕ್ಷಿಯ ಎದುರಿನಲ್ಲೇ ಹೇಳಿದ್ದಾಳೆ. ದಾನವೇ? ತಟ್ಟೆ ಬರಿದಾಗಿಲ್ಲ. ಅದಲುಬದಲೇ? ಎಲೆಗೆ ತೊಟ್ಟಿಲು ಬದಲು ಎಂದು ಯಾವ ಅಧಿಕಾರಿಯ ಮುಂದೆ ಹೇಳಿ ನಗೆಪಾಟಲಾಗಲಿ? ನಮ್ಮ ಜನ ಮಾರದೆ, ದಾನ ಮಾಡದೆ, ಕಡ ಕೊಡದೆ ಒಂದು ವಸ್ತುವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಉಪಾಯವೊಂದನ್ನು ಇಟ್ಟುಕೊಂಡಿದ್ದಾರೆ. ಕೊಟ್ಟವರೂ ತಲೆಯೆತ್ತಿರುತ್ತಾರೆ, ಪಡೆದವರೂ. ಇದನ್ನು ನೋಂದಾಯಿಸುವ ಪುಸ್ತಕ ನಮ್ಮ ಕಚೇರಿಯಲ್ಲಿ ಇರಲಿಲ್ಲ.

ಉಳಿದದ್ದು ಒಂದೇ: ತೊಟ್ಟಿಲು ಕಲಾಕೃತಿಯೋ, ಬಳಕೆಯ ವಸ್ತುವೋ? ತೆರಿಗೆ ಯಾರ ಮೇಲೆ ಎಷ್ಟು ಬೀಳುತ್ತದೆಂಬುದು ಬೇರೆ ಮಾತು. ಎತ್ತಿದ ಪ್ರಶ್ನೆಯನ್ನು ಇತ್ಯರ್ಥಗೊಳಿಸದೆ ಬಿಡುವುದು ನನ್ನ ಜಾಯಮಾನವಲ್ಲ. ಆ ವಾರದ ಕೊನೆಗೆ ಗನಿಸಾಬರು ನಮ್ಮನ್ನು ಸವಣೂರಿಗೆ ಕರೆಸಿದರು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಬೆಳಕಿಗೆ ಗಿಳಿಗಳು ನಮ್ಮ ಅಟ್ಟದಲ್ಲಿ ಎಂದೂ ಹೊಳೆಯದಷ್ಟು ಹೊಳೆಯುತ್ತಿದ್ದವು. ಅದನ್ನು ನೋಡಿದ ನನಗೆ ದಿಗಿಲಾಯಿತು: ಖಂಡಿತ ಇದು ಕಲೆ. ಬಂಕಾಪುರದಿಂದ ಬೀಗರೂ ಬಂದಿದ್ದರು. ಆಸ್ಮಾಳ ಅತ್ತೆ ತೊಟ್ಟಿಲ ಸುತ್ತ ಮೆಲ್ಲನೆ ಒಂದು ಸುತ್ತು ಹಾಕಿ, ಸರಪಳಿ ಜಗ್ಗಿ ನೋಡಿ, ಕೊನೆಗೆ ಸೊಸೆಯ ಕಡೆ ತಿರುಗಿ, “ಇಂಥಾದ್ದು ನಮ್ಮ ಓಣ್ಯಾಗ ಯಾರ ಮನ್ಯಾಗೂ ಇಲ್ಲ ನೋಡವಾ” ಎಂದರು. ಆಸ್ಮಾ ತಲೆ ತಗ್ಗಿಸಿದಳು. ತಗ್ಗಿಸಿದ್ದು ನಗು ಮುಚ್ಚಲು.

ಶಾಂತವ್ವನ ಕೈಯಿಂದಲೇ ಕೂಸನ್ನು ಮಲಗಿಸಿದರು. ಎಲ್ಲರೂ ತೊಟ್ಟಿಲಿಗೆ ಬಗ್ಗಿ ನಿಂತೆವು. ಕೂಸು ಗಿಳಿಗಳನ್ನು ನೋಡಿತು. ತುಸು ಹೊತ್ತು ವಿಚಾರ ಮಾಡಿದಂತೆ ಮುಖ ಕೆಂಪಾಗಿಸಿತು. ಆಮೇಲೆ ತೊಟ್ಟಿಲ ಹಲಗೆಯ ಸಂದಿನಿಂದ ಸಣ್ಣದೊಂದು ಧಾರೆ ಇಳಿದು, ಮೂರನೆಯ ಗಿಳಿಯ ರೆಕ್ಕೆಯ ಮೇಲಿಂದ ಹರಿದು, ಕೆಳಗೆ ನಿಂತಿದ್ದ ನನ್ನ ಪಾದದ ಮೇಲೆ ಬಿತ್ತು.

“ಅಯ್ಯಯ್ಯ, ಸಾಹೇಬ್ರ, ತಪ್ಪ ತಿಳಕೋಬ್ಯಾಡ್ರಿ!” ಎಂದು ಗನಿಸಾಬರು ಟವೆಲ್ಲಿಗೆ ಓಡಿದರು.

ತಪ್ಪು ತಿಳಿಯುವುದೆಲ್ಲಿ ಬಂತು? ಆ ಕ್ಷಣ ನನಗಾದ ನಿರಾಳ ಹೇಳತೀರದು. ಅಂಗಳಕ್ಕೆ ಹೋಗಿ ವೀರಭದ್ರಪ್ಪನಿಗೆ ಫೋನ್ ಮಾಡಿದೆ.

“ಕಲಾಕೃತಿ ಅಲ್ಲಲೇ ಅದು. ಸ್ವಂತ ಬಳಕೀದು. ಈಗಷ್ಟ ತೀರ್ಪು ಬಂತು.”

“ಯಾವ ಕೋರ್ಟಿಂದಲೇ?” ಎಂದ ಅವನು.

ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ನ್ಯಾಯಾಧೀಶರು ಓಣಿಗೆಲ್ಲ ಕೇಳುವಂತೆ ಅಳತೊಡಗಿದರು. ಅವರ ಬಟ್ಟೆ ಬದಲಿಸುವವರೆಗೆ ಮುಂದಿನ ಕಲಾಪವೇನೂ ನಡೆಯುವಂತಿರಲಿಲ್ಲ.